ಖಾರಘರದಲ್ಲಿ ಸರ್ಕಾರಿ ಶಾಲೆ ಸೊರಗಿದ್ದೇಕೆ? ಮತ್ತೆ ಚಿಗುರಲು ಏನು ಬೇಕು?

ಖಾರಘರ (ನವಿ ಮುಂಬಯಿ): ಬೆಳಗ್ಗೆ ಏಳರ ಹೊತ್ತಿಗೆ ಉತ್ಸವ ಚೌಕದ ಸುತ್ತ ಹಳದಿ ಶಾಲಾ ಬಸ್ಸುಗಳ ಸಾಲು. ಸೆಕ್ಟರ್‌ನಿಂದ ಸೆಕ್ಟರ್‌ಗೆ ದೊಡ್ಡ ದೊಡ್ಡ ಶಾಲಾ ಕಟ್ಟಡಗಳು. ಶಾಲೆಗಳಿಗೇನೂ ಬರವಿಲ್ಲದ ಊರು ಇದು. ಆದರೆ ಅವುಗಳಲ್ಲಿ ಹೆಚ್ಚಿನವು ಖಾಸಗಿ ಟ್ರಸ್ಟ್‌ಗಳವು. ಶುಲ್ಕವಿಲ್ಲದೆ ಕಲಿಸುವ ಸರ್ಕಾರಿ ಶಾಲೆ ಬೇಕಿದ್ದರೆ ಟವರ್‌ಗಳನ್ನು ದಾಟಿ ಹಳೆಯ ಹಳ್ಳಿಗಳ ಕಡೆ ಹೋಗಬೇಕು.

ದೇಶದ ಬೇರೆ ಕಡೆ ಸರ್ಕಾರಿ ಶಾಲೆ ಸೊರಗಿತು ಎಂದರೆ ತುಂಬಿದ್ದ ಶಾಲೆ ಖಾಲಿಯಾಯಿತು ಎಂದರ್ಥ. ಖಾರಘರದ ಕಥೆ ಸ್ವಲ್ಪ ಬೇರೆ. ಇಲ್ಲಿ ಊರು ಬೆಳೆಯಿತು, ಸರ್ಕಾರಿ ಶಾಲೆ ಅದರ ಜೊತೆ ಬೆಳೆಯಲಿಲ್ಲ.

ಪ್ಲಾಟು ಟ್ರಸ್ಟಿಗೆ, ಶಾಲೆ ಹಳ್ಳಿಯಲ್ಲಿ

ನವಿ ಮುಂಬಯಿ ಕಟ್ಟಲು 1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು. ಬೇಲಪಾಡಾ, ಕೋಪರಾ, ಓವೆ, ಮುರ್ಬಿ ಮುಂತಾದ ಹಳ್ಳಿಗಳ ನೆಲದಲ್ಲಿ ಖಾರಘರದ ಸೆಕ್ಟರ್‌ಗಳು ಎದ್ದವು. ನಕ್ಷೆಯಲ್ಲಿ ಶಾಲೆಗೆಂದು ಜಾಗ ಬಿಡುವುದನ್ನು ಸಿಡ್ಕೋ ಮರೆಯಲಿಲ್ಲ. ಆ ಪ್ಲಾಟುಗಳನ್ನು ರಿಯಾಯಿತಿ ದರದಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಕೊಡುವುದು ಅದರ ಪದ್ಧತಿ. ಶಾಲೆಯೇನೋ ಬಂತು, ಶುಲ್ಕದ ಚೀಟಿಯೂ ಜೊತೆಗೇ ಬಂತು. ಜಿಲ್ಲಾ ಪರಿಷತ್ತಿನ ಮರಾಠಿ ಶಾಲೆಗಳು ಹಳ್ಳಿಗಳಲ್ಲೇ ಉಳಿದವು.

ಆಡಳಿತದ ಗೊಂದಲವೂ ಕಡಿಮೆಯಿರಲಿಲ್ಲ. ಬಹುಮಹಡಿ ಕಟ್ಟಡಗಳೆದ್ದ ಮೇಲೂ ಬಹುಕಾಲ ಇಲ್ಲಿದ್ದದ್ದು ಗ್ರಾಮ ಪಂಚಾಯಿತಿ. ಪನವೇಲ್ ನಗರಸಭೆಯ ಜೊತೆ 29 ಹಳ್ಳಿಗಳನ್ನು ಸೇರಿಸಿ ಪನವೇಲ್ ಮಹಾನಗರ ಪಾಲಿಕೆ ರಚನೆಯಾದದ್ದು 2016ರ ಅಕ್ಟೋಬರ್ 1ರಂದು. ರಸ್ತೆ, ಕಸ, ತೆರಿಗೆ ಪಾಲಿಕೆಯ ಕೈಗೆ ಹೋದವು. ರಾಯಗಡ ಜಿಲ್ಲಾ ಪರಿಷತ್ತಿನ ಶಾಲೆಗಳ ಹಸ್ತಾಂತರ ಮಾತ್ರ ವರ್ಷಗಟ್ಟಲೆ ಎಳೆಯಿತು. ಪಾಲಿಕೆಗೆ ತೆರಿಗೆ ಕಟ್ಟುವವರ ಊರಿನ ಶಾಲೆ ಜಿಲ್ಲಾ ಪರಿಷತ್ತಿನದಾಗಿದ್ದರೆ ಚಾವಣಿ ಸೋರಿದಾಗ ಯಾರನ್ನು ಕೇಳಬೇಕು?

ಮೂರು ವರ್ಷಕ್ಕೇ ಕೈತಪ್ಪುವ ಮಗು

ಪೋಷಕರು ಸರ್ಕಾರಿ ಶಾಲೆ ಬಿಡಲು ಇಂಗ್ಲಿಷ್ ಮೋಹವೇ ಕಾರಣ ಎಂದು ಹೇಳಿ ಮುಗಿಸುವುದು ಸುಲಭ. ಅದಕ್ಕಿಂತ ಮೊದಲು ಕೆಲಸ ಮಾಡುವ ಒಂದು ಕಾರಣವಿದೆ. ಖಾಸಗಿ ಶಾಲೆಯ ಬಾಗಿಲು ಮೂರು ವರ್ಷಕ್ಕೆ ನರ್ಸರಿಯಲ್ಲಿ ತೆರೆಯುತ್ತದೆ. ಸರ್ಕಾರಿ ಶಾಲೆಯದು ತೆರೆಯುವುದು ಆರನೇ ವರ್ಷಕ್ಕೆ, ಒಂದನೇ ತರಗತಿಯಲ್ಲಿ. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಆ ಮೂರು ವರ್ಷ ಮಗು ಎಲ್ಲಿರಬೇಕು? ಅಂಗನವಾಡಿ ಕೆಲವೇ ಗಂಟೆ ಇರುತ್ತದೆ. ಕಡಿಮೆ ಶುಲ್ಕದ ಯಾವುದೋ ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ. ಅಲ್ಲಿ ಒಮ್ಮೆ ಸೇರಿದ ಮಗುವನ್ನು ಆರಕ್ಕೆ ಬಿಡಿಸಿ ಸರ್ಕಾರಿ ಶಾಲೆಗೆ ತರುವವರು ಅಪರೂಪ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಆರರ ವಯಸ್ಸನ್ನೂ ಶಾಲಾ ಶಿಕ್ಷಣದ ಲೆಕ್ಕಕ್ಕೆ ಸೇರಿಸಿದೆ. ಜಾರಿ ಮಾತ್ರ ಎಲ್ಲ ಕಡೆ ಸಮನಾಗಿಲ್ಲ.

ಕಾಗದ ಕೇಳದ ಒಂದೇ ಬಾಗಿಲು

ಖಾರಘರ, ತಳೋಜ ಕಡೆಯ ಕಟ್ಟಡ ಕೆಲಸಕ್ಕೆ ಬರುವವರಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯ ಕನ್ನಡ ಕುಟುಂಬಗಳೂ ಇವೆ. ಗಂಡಸರು ನಾಕಾದಲ್ಲಿ ನಿಂತು ಕೂಲಿ ಹುಡುಕಿದರೆ ಹೆಂಗಸರು ಬಿಗಾರಿ ಕೆಲಸಕ್ಕೋ ಮನೆಗೆಲಸಕ್ಕೋ ಹೋಗುತ್ತಾರೆ. ಈ ಮಕ್ಕಳ ಪಾಲಿಗೆ ಸರ್ಕಾರಿ ಶಾಲೆ ಎಂಬುದು ಹಲವು ಆಯ್ಕೆಗಳಲ್ಲಿ ಒಂದಲ್ಲ.

ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟು ಬಡವರಿಗೆ ಇದೆಯಲ್ಲ ಎನ್ನಬಹುದು. ಅದಕ್ಕೆ ಮಹಾರಾಷ್ಟ್ರದಲ್ಲಿ ಬೇಕಾದ ಕಾಗದಗಳನ್ನು ನೋಡಿ: ಆದಾಯದ ಆಧಾರದಲ್ಲಾದರೆ ವರ್ಷಕ್ಕೆ 1 ಲಕ್ಷ ರೂಪಾಯಿಯೊಳಗಿನ ವರಮಾನದ ದಾಖಲೆ, ಜಾತಿಯ ಆಧಾರದಲ್ಲಾದರೆ ಜಾತಿ ಪ್ರಮಾಣಪತ್ರ, ಬಾಡಿಗೆ ಮನೆಯಾದರೆ ನೋಂದಾಯಿತ ಕರಾರು. ಬೇರೆ ರಾಜ್ಯದ ಜಾತಿ ಪ್ರಮಾಣಪತ್ರ ನಡೆಯದು. ಸೈಟ್ ಪಕ್ಕದ ತಗಡಿನ ಜೋಪಡಿಗೆ ಯಾರು ನೋಂದಾಯಿತ ಕರಾರು ಮಾಡಿಕೊಡುತ್ತಾರೆ?

ಸರ್ಕಾರಿ ಶಾಲೆಯಲ್ಲಿ ಈ ತೊಡಕಿಲ್ಲ. ಅದೇ ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಒಂದರಿಂದ ಐದನೇ ತರಗತಿವರೆಗಿನ ಶಾಲೆ 1 ಕಿ.ಮೀ. ಒಳಗೆ ಇರಬೇಕು ಎಂಬ ನಿಯಮವೂ ಇದೆ. ಆ ಶಾಲೆ ಮುಚ್ಚಿದರೆ ಅಥವಾ ಹೆಸರಿಗಷ್ಟೇ ಉಳಿದರೆ ಉಳ್ಳವರ ಮಕ್ಕಳಿಗೆ ಏನೂ ಆಗುವುದಿಲ್ಲ. ಈ ಮಕ್ಕಳಿಗೆ ಬೇರೆ ಬಾಗಿಲೇ ಇಲ್ಲ.

ಮುಚ್ಚುವ ಮಾತು ಬರಿಯ ಭಯವಲ್ಲ. ರಾಜ್ಯದಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳು 14 ಸಾವಿರಕ್ಕೂ ಹೆಚ್ಚಿವೆ. ಇವನ್ನು ಒಂದುಗೂಡಿಸಿ 'ಸಮೂಹ ಶಾಲೆ' ಮಾಡುವ ಪ್ರಸ್ತಾಪವನ್ನು ಮಹಾರಾಷ್ಟ್ರ ಸರ್ಕಾರ 2023ರಲ್ಲಿ ಮುಂದಿಟ್ಟಿತ್ತು. ಕಾಗದದ ಮೇಲೆ ಲೆಕ್ಕ ಸರಿ. ಖಾರಘರ ಗುಡ್ಡದ ಆದಿವಾಸಿ ಪಾಡಾಗಳಂಥ ಕಡೆಗೆ ಈ ಲೆಕ್ಕ ಬಂದರೆ ಆರು ವರ್ಷದ ಮಗು ಮಳೆಗಾಲದಲ್ಲಿ ಗುಡ್ಡ ಇಳಿಯಬೇಕಾಗುತ್ತದೆ.

ಸರ್ಕಾರಗಳ ನಡೆಯೂ ವಿಚಿತ್ರ. 1 ಕಿ.ಮೀ. ಒಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಶೇ 25ರ ಸೀಟು ಕೊಡಬೇಕಿಲ್ಲ ಎಂದು ಮಹಾರಾಷ್ಟ್ರ 2024ರ ಫೆಬ್ರವರಿಯಲ್ಲಿ ನಿಯಮ ತಿದ್ದಿತು. ಅದೇ ವರ್ಷ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಕರ್ನಾಟಕ 2019ರಲ್ಲೇ ಇಂಥ ತಿದ್ದುಪಡಿ ಮಾಡಿದ್ದು, ಅದನ್ನು ಅಲ್ಲಿನ ಹೈಕೋರ್ಟ್ ಎತ್ತಿಹಿಡಿದಿತ್ತು. ಖಾಸಗಿ ಸೀಟು ನಿಲ್ಲಿಸಿದ ಮಾತ್ರಕ್ಕೆ ಸರ್ಕಾರಿ ಶಾಲೆ ಸುಧಾರಿಸುವುದಿಲ್ಲ. ಉಳಿದ ಹಣ ಆ ಶಾಲೆಯ ಶಿಕ್ಷಕರಿಗೆ, ಶೌಚಾಲಯಕ್ಕೆ ಹೋಗಬೇಕಲ್ಲ!

ತುಂಬಿದ ಶಾಲೆಗಳೂ ಇವೆ

ಸರ್ಕಾರಿ ಶಾಲೆ ಎಂದರೆ ಜನ ಬರುವುದೇ ಇಲ್ಲ ಎಂಬುದು ಸುಳ್ಳು. ಪಕ್ಕದ ನವಿ ಮುಂಬಯಿ ಪಾಲಿಕೆ ಸೀವುಡ್ಸ್ ಮತ್ತು ಕೋಪರಖೈರಣೆಯಲ್ಲಿ ಸಿಬಿಎಸ್‌ಇ ಶಾಲೆ ತೆರೆದಾಗ ಸೀಟಿಗಿಂತ ಅರ್ಜಿ ಹೆಚ್ಚಾಗಿ ಲಾಟರಿ ಎತ್ತಬೇಕಾಯಿತು. ಮುಂಬಯಿ ಪಾಲಿಕೆ 2020ರಲ್ಲಿ ಜೋಗೇಶ್ವರಿಯ ಪೂನಂ ನಗರದಲ್ಲಿ ಆರಂಭಿಸಿದ ಸಿಬಿಎಸ್‌ಇ ಶಾಲೆಗೂ ಹೀಗೇ ನೂಕುನುಗ್ಗಲು. ಆದರೆ ಬೋರ್ಡ್ ಬದಲಿಸಿದರೆ ಸಾಲದು. ಹೊಸ ಶಾಲೆ ತೆರೆದು ಶಿಕ್ಷಕರನ್ನು ತುಂಬದಿದ್ದರೆ ಲಾಟರಿಯಲ್ಲಿ ಗೆದ್ದವರೇ ಮರುವರ್ಷ ದೂರು ಹಿಡಿದು ನಿಲ್ಲುತ್ತಾರೆ. ಕೋಪರಖೈರಣೆಯಲ್ಲಿ ಅಂಥ ದೂರುಗಳು ಬಂದದ್ದೂ ಉಂಟು.

ಮುಂಬಯಿ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿದ ಸಂಸ್ಥೆ, ಕನ್ನಡವೂ ಅದರಲ್ಲೊಂದು. ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಹೋಟೆಲ್ ಉದ್ಯಮದಲ್ಲಿ ನೆಲೆಯೂರಿದ ಕರಾವಳಿಯ ಕುಟುಂಬಗಳು ಇಂಗ್ಲಿಷಿಗೆ ಹೋದವು. ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡ ಶಾಲೆಗಾಗಿ ಮರುಗುವವರಲ್ಲಿ ಎಷ್ಟು ಮಂದಿಯ ಮಕ್ಕಳು ಅಲ್ಲಿ ಓದಿದರು ಎಂಬುದನ್ನು ಕೇಳದಿರುವುದೇ ಒಳಿತು. ಖಾರಘರದಲ್ಲಿ ಈಗ ಕನ್ನಡ ಮಾಧ್ಯಮದ ಶಾಲೆ ಕೇಳುವುದು ಕೈಗೆಟುಕುವ ಮಾತಲ್ಲ. ಮನೆಯಲ್ಲಿ ಕನ್ನಡವಾಡುವ ಮಗು ಮರಾಠಿ ತರಗತಿಯಲ್ಲಿ ಮೂಕವಾಗದಂತೆ ನೋಡಿಕೊಳ್ಳುವುದು ಸಾಧ್ಯ.

ಸೋಲಾಪುರ ಜಿಲ್ಲೆಯ ಪರಿತೆವಾಡಿಯಲ್ಲಿ ಅದು ನಡೆದಿದೆ. ಅಲ್ಲಿನ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ಬಂದ ಶಿಕ್ಷಕ ರಣಜಿತ್‌ಸಿಂಹ ಡಿಸಲೆಗೆ ಸಿಕ್ಕಿದ್ದು ದನದ ಕೊಟ್ಟಿಗೆಯ ಪಕ್ಕದ ಪಾಳುಬಿದ್ದ ಕಟ್ಟಡ. ಅವರಿಗೆ 2020ರ ಜಾಗತಿಕ ಶಿಕ್ಷಕ ಪ್ರಶಸ್ತಿ ಕೊಟ್ಟ ವರ್ಕಿ ಫೌಂಡೇಶನ್ ಹೇಳಿರುವಂತೆ, ಮಕ್ಕಳ ಮನೆಮಾತು ಕನ್ನಡವಾದ್ದರಿಂದ ಡಿಸಲೆ ತಾವೇ ಆ ಭಾಷೆ ಕಲಿತು ಪಾಠಗಳನ್ನು ಅನುವಾದಿಸಿದರು. ಅವರು ಪಾಠಗಳಿಗೆ ಅಂಟಿಸಿದ ಕ್ಯೂಆರ್ ಕೋಡ್ ಆಮೇಲೆ ರಾಜ್ಯದ ಪಠ್ಯಪುಸ್ತಕಗಳಿಗೂ ಬಂತು. ಎಲ್ಲ ಶಿಕ್ಷಕರೂ ಹೀಗಿರಲಿ ಎಂದು ಬಯಸುವುದು ನೀತಿಯಾಗದು. ಆದರೆ ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಆ ಪುಸ್ತಕಗಳನ್ನು ಖಾರಘರದ ಮರಾಠಿ ಶಾಲೆಯ ಕಪಾಟಿನಲ್ಲಿಡಲು, ವಾರಕ್ಕೆರಡು ದಿನ ಕನ್ನಡ ಬಲ್ಲ ಸ್ವಯಂಸೇವಕರನ್ನು ಕರೆಯಲು ಹೊಸ ಕಾನೂನು ಬೇಕಿಲ್ಲ.

ಪಾಲಿಕೆ ಮಾಡಬಹುದಾದದ್ದು

ಮೊದಲನೆಯದು ಬಾಲವಾಡಿ. ಮೂರು ವರ್ಷದ ಮಗು ಅದೇ ಅಂಗಳಕ್ಕೆ ಬಂದರೆ ಆರಕ್ಕೆ ಬೇರೆಡೆ ಹೋಗುವುದಿಲ್ಲ. ಶಾಲೆಗೆಂದು ಮೀಸಲಾದ, ಇನ್ನೂ ಹಂಚಿಕೆಯಾಗದ ಪ್ಲಾಟುಗಳಿದ್ದರೆ ಸಿಡ್ಕೋದಿಂದ ಪಾಲಿಕೆ ತಾನೇ ಕೇಳಿ ಪಡೆಯಬೇಕು. ಶಿಕ್ಷಕರ ವಿಷಯದಲ್ಲಿ ಕಾಯ್ದೆ ಸ್ಪಷ್ಟ: ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬರು, ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಸರ್ಕಾರಿ ಕೆಲಸ ಹಚ್ಚುವಂತಿಲ್ಲ. ದಿನವಿಡೀ ಮೊಬೈಲ್‌ನಲ್ಲಿ ಮಾಹಿತಿ ತುಂಬುವ ಶಿಕ್ಷಕರು ಕಲಿಸುವುದು ಯಾವಾಗ?

ಕಲಿಕೆಯ ಮೇಲೆ ಗಮನವಿಟ್ಟರೆ ಫಲ ಸಿಗುತ್ತದೆ. ಅಸರ್ ಸಮೀಕ್ಷೆಯಂತೆ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು 2022ರಲ್ಲಿ ಶೇ 16.3ರಷ್ಟಿದ್ದರೆ 2024ರಲ್ಲಿ ಶೇ 23.4ಕ್ಕೆ ಏರಿದರು. ನಾಲ್ಕರಲ್ಲಿ ಒಬ್ಬರೂ ಇಲ್ಲ ಎಂಬುದೂ ಅದೇ ಅಂಕಿಯಲ್ಲಿದೆ.

ಇನ್ನು ಶಾಲಾ ವ್ಯವಸ್ಥಾಪನ ಸಮಿತಿ. ಅದರ ಸದಸ್ಯರಲ್ಲಿ ಶೇ 75ರಷ್ಟು ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆಯಲ್ಲಿದೆ. ಅನುದಾನ ಹೇಗೆ ಖರ್ಚಾಯಿತು ಎಂದು ಕೇಳುವ ಅಧಿಕಾರವೂ ಅವರಿಗಿದೆ. ಆದರೆ ಸಭೆಯನ್ನು ವಾರದ ನಡುವೆ ಹಗಲು ಹನ್ನೊಂದಕ್ಕೆ ಕರೆದರೆ ಬಿಗಾರಿ ಕೆಲಸದ ತಾಯಿ ಒಂದು ದಿನದ ಕೂಲಿ ಕಳೆದುಕೊಂಡು ಬರಬೇಕು. ನಡಾವಳಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಆಕೆಯ ಮನೆಗೇ ಹೋಗುವ ಬದಲು, ಸಭೆಯನ್ನೇ ಭಾನುವಾರ ಸಂಜೆಗೆ ಇಟ್ಟು ಆಕೆಗೆ ತಿಳಿಯುವ ಭಾಷೆಯಲ್ಲಿ ಲೆಕ್ಕ ಓದಿ ಹೇಳಲು ಪಾಲಿಕೆಗೆ ಯಾರ ಅನುಮತಿಯೂ ಬೇಕಾಗಿಲ್ಲ.