ದ್ರಾಕ್ಷಿಯ ನಾಡಿನಲ್ಲಿ ಎರಡು ಇರುಳು

ನಾಸಿಕವೆಂದೊಡನೆ ನಮ್ಮ ಹಿರಿಯರ ಮನಸ್ಸಿಗೆ ಬರುವುದು ಪಂಚವಟಿ, ರಾಮಕುಂಡ, ತ್ರ್ಯಂಬಕೇಶ್ವರ. ಈಗಿನ ತರುಣರಿಗಾದರೋ ಅದೇ ಹೆಸರು ಕಿವಿಗೆ ಬಿದ್ದರೆ ನೆನಪಾಗುವುದು ದ್ರಾಕ್ಷಿಯ ತೋಟಗಳು, ವೈನು, ತೋಟಗಳ ನಡುವೆ ಎದ್ದಿರುವ ವಿಲಾಸದ ರಿಸಾರ್ಟುಗಳು. ಊರು ಒಂದೇ, ಯಾತ್ರೆ ಮಾತ್ರ ಬೇರೆ. ಮುಂಬಯಿಯಿಂದ ಕಸಾರಾ ಘಾಟನ್ನೇರಿದರೆ ಸುಮಾರು 170 ಕಿಲೋಮೀಟರು, ಪುಣೆಯಿಂದ ಸುಮಾರು 210. ಇಷ್ಟು ಸಮೀಪವಿರುವುದರಿಂದ ಈ ಎರಡು ಪಟ್ಟಣಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುತ್ತದೆ: ಅಷ್ಟು ದುಡ್ಡು ತೆತ್ತು ಅಲ್ಲಿ ಹೋಗಿ ತಂಗುವುದು ಯೋಗ್ಯವೇ? ಮನೆಯ ಹಿರಿಯರನ್ನು ಅಲ್ಲಿಗೆ ಕರೆದೊಯ್ಯಬಹುದೇ?

ನಮ್ಮ ಮನೆಯಲ್ಲಿಯೂ ಕಳೆದ ಜನವರಿಯಲ್ಲಿ ಈ ಚರ್ಚೆ ನಡೆಯಿತು. ಮಕ್ಕಳಿಗೆ ಹೋಗುವ ಹಂಬಲ, ಮನೆಯಾಕೆಗೆ ಎರಡು ದಿನ ಒಲೆಯ ಮುಂದೆ ನಿಲ್ಲದಿದ್ದರೆ ಸಾಕೆಂಬ ಆಸೆ. ತಂದೆಯವರು ಮಾತ್ರ ಒಪ್ಪಲಿಲ್ಲ. ಅವರದು ವಿಜಯಪುರ ಜಿಲ್ಲೆ, ಈಗ 78ರ ವಯಸ್ಸು. ಕುಡಿತದ ಗಾಳಿಯೂ ಸೋಕದವರು. “ಎರಡು ರಾತ್ರಿ ಮಲಗಾಕ ಇಷ್ಟು ರೊಕ್ಕ ಯಾಕ? ಇದರಾಗ ಮನಿ ಮಂದಿ ಎಲ್ಲಾ ಊರಿಗಿ ಹೋಗಿ ಜಾತ್ರಿ ಮಾಡ್ಕೊಂಡು ಬರಬಹುದಲ್ಲೋ” ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಕಡೆಗೆ, ದಾರಿಯಲ್ಲಿ ತ್ರ್ಯಂಬಕೇಶ್ವರನ ದರ್ಶನವೂ ಆಗುವುದೆಂದು ಮೊಮ್ಮಗಳು ಹೇಳಿದ ಮೇಲೆ ಚೀಲಕ್ಕೆ ಧೋತರ ಹಾಕಿಕೊಂಡರು.

ನಾಸಿಕದ ಸುತ್ತಲಿನ ರೈತರು ತಿನ್ನುವ ದ್ರಾಕ್ಷಿಯನ್ನು ಬಹುಕಾಲದಿಂದ ಬೆಳೆಯುತ್ತ ಬಂದವರು. ವೈನಿನ ದ್ರಾಕ್ಷಿ ಇಲ್ಲಿಗೆ ಬಂದದ್ದು ಈಚೆಗೆ. 1990ರ ದಶಕದಲ್ಲಿ ಅಮೆರಿಕೆಯ ನೌಕರಿಯನ್ನು ಬಿಟ್ಟು ಬಂದ ರಾಜೀವ್ ಸಾಮಂತ್ ಎಂಬವರು ಗಂಗಾಪುರ ಅಣೆಕಟ್ಟಿನ ಸಮೀಪದ ತಮ್ಮ ಕುಟುಂಬದ ಜಮೀನಿನಲ್ಲಿ ವಿದೇಶದ ತಳಿಗಳನ್ನು ನೆಟ್ಟರು. ತಾಯಿ ಸುಲಭಾ ಅವರ ಹೆಸರಿನಿಂದ ‘ಸುಲಾ’ ಎಂಬ ಹೆಸರು ಹುಟ್ಟಿತು; 2000ದಲ್ಲಿ ಅವರ ಮೊದಲ ವೈನು ಪೇಟೆಗೆ ಬಂದಿತು. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆ ಉತ್ತೇಜನ ಕೊಡುವ ನೀತಿಯನ್ನು ಸಾರಿದ ಮೇಲೆ ಇತರರೂ ಈ ಕೆಲಸಕ್ಕೆ ಕೈಹಾಕಿದರು. ತೋಟ ನೋಡಲು ಬಂದವರು ಅಲ್ಲಿಯೇ ಉಳಿಯಬಯಸಿದಾಗ ವಸತಿಗೃಹಗಳೂ ಎದ್ದವು. ನಮ್ಮ ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಕುಟುಂಬದವರು ಇದಕ್ಕೂ ಕೆಲವು ವರ್ಷ ಮೊದಲೇ ವೈನಿನ ದ್ರಾಕ್ಷಿಯನ್ನು ಬೆಳೆದಿದ್ದರೆಂಬುದನ್ನು ಕನ್ನಡಿಗರಾದ ನಾವು ಇಲ್ಲಿ ನೆನೆಯಬಹುದು.

ನಾವು ಇಳಿದುಕೊಂಡ ಸ್ಥಳದ ಹೆಸರು ಇಲ್ಲಿ ಮುಖ್ಯವಲ್ಲ. ಕೋಣೆ ವಿಶಾಲ, ಹಾಸಿಗೆ ಮೃದು. ಸ್ನಾನದ ಮನೆಯೇ ನಮ್ಮ ಪುಣೆಯ ಅಡುಗೆಮನೆಗಿಂತ ದೊಡ್ಡದು. ಜಗುಲಿಯಲ್ಲಿ ಕುಳಿತರೆ ಎದುರಿಗೆ ಸಾಲುಸಾಲಾಗಿ ಬಳ್ಳಿಗಳು, ಅದರಾಚೆಗೆ ನೀರು, ನೀರಿನಾಚೆಗೆ ಸಹ್ಯಾದ್ರಿಯ ನೀಲಿ ಬೆಟ್ಟಗಳು. ಬೆಳಗಿನ ಉಪಾಹಾರದಲ್ಲಿ ಪೋಹೆಯಿಂದ ಹಿಡಿದು ಇಡ್ಲಿಯವರೆಗೆ ಎಲ್ಲವೂ ಇತ್ತು. ತಂದೆಯವರು ಇಡ್ಲಿಯನ್ನು ಮುರಿದು ನೋಡಿ “ಅಡ್ಡಿ ಇಲ್ಲ” ಎಂದರು. ಅವರ ಬಾಯಿಂದ ಇದು ದೊಡ್ಡ ಪ್ರಶಸ್ತಿ.

ಮೊದಲ ದಿನ ಮಧ್ಯಾಹ್ನ ತೋಟವನ್ನೂ ವೈನು ಮಾಡುವ ಮನೆಯನ್ನೂ ತೋರಿಸಿದರು. ಯುರೋಪಿನಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ನಿದ್ರೆ ಹೋಗುತ್ತದೆ. ವರ್ಷಕ್ಕೊಮ್ಮೆ ಕತ್ತರಿಸಿದರೆ ಸಾಕು. ನಮ್ಮ ಬಿಸಿಲಿನ ನಾಡಿನಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ಇಲ್ಲಿ ಎರಡು ಸಲ ಚಾಟಣಿ: ಏಪ್ರಿಲಿನ ಸುಮಾರಿಗೆ ಕಡ್ಡಿ ಬೆಳೆಯಲೆಂದು ಒಮ್ಮೆ, ಮಳೆ ಹಿಂದೆಗೆಯುವ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹಣ್ಣಿಗೆಂದು ಇನ್ನೊಮ್ಮೆ. ಆ ಮೇಲೆ ಜನವರಿಯಿಂದ ಮಾರ್ಚಿನವರೆಗೆ ಕೊಯ್ಲು. ಈ ನಡುವೆ ಅಕಾಲದ ಮಳೆಯೋ ಆಲಿಕಲ್ಲೋ ಬಿದ್ದರೆ ವರ್ಷದ ದುಡಿಮೆ ಒಂದೇ ಸಂಜೆಗೆ ನೆಲದ ಪಾಲು.

ಹಣ್ಣು ಗಾತ್ರದಲ್ಲಿ ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಆದರೆ ತಿನ್ನುವ ದ್ರಾಕ್ಷಿಗಿಂತ ಸಿಹಿ ಹೆಚ್ಚು. ಒಂದು ಸೀಸೆಗೆ ಕಿಲೋಗ್ರಾಮಿಗೂ ತುಸು ಮೇಲ್ಪಟ್ಟು ಹಣ್ಣು ಬೇಕು. ಬಿಳಿ ವೈನಿಗೆ ಹಣ್ಣನ್ನು ಹಿಂಡಿ ರಸವನ್ನು ಮಾತ್ರ ತಣ್ಣನೆಯ ಉಕ್ಕಿನ ಹಂಡೆಗಳಲ್ಲಿ ಹುಳಿಯಿಸುತ್ತಾರೆ. ಕೆಂಪಿಗೆ ಸಿಪ್ಪೆಯನ್ನೂ ಕೂಡಿಸಿಯೇ. ಬಣ್ಣವಿರುವುದು ರಸದಲ್ಲಲ್ಲ, ಸಿಪ್ಪೆಯಲ್ಲಿ. ಕೆಲವು ಕೆಂಪು ವೈನುಗಳು ಆಮೇಲೆ ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಕುಳಿತಿರುತ್ತವೆ. ಇದನ್ನೆಲ್ಲ ಕೇಳಿದ ತಂದೆಯವರು, “ನಮ್ಮ ವೈದ್ಯರ ದ್ರಾಕ್ಷಾಸವದ ಖಾಸಾ ತಮ್ಮ ಇದ್ದಂಗ ಐತಿ” ಎಂದು ನಕ್ಕರು. ಹಾಗೆಂದು ಇದು ಔಷಧಿಯಲ್ಲ. ಅದರಲ್ಲಿ ನೂರಕ್ಕೆ 12ರಿಂದ 14 ಪಾಲು ಮದ್ಯಸಾರವಿರುತ್ತದೆ. ನಾವು ದಂಪತಿಗಳು ಒಂದೊಂದು ಗುಟುಕು ರುಚಿ ನೋಡಿದೆವು. ತಂದೆಯವರೂ ಮಕ್ಕಳೂ ಹಣ್ಣಿನ ರಸ ಕುಡಿದರು. ಬಲವಂತ ಮಾಡುವವರು ಯಾರೂ ಇರಲಿಲ್ಲ.

ಮರುದಿನ ಮುಂಜಾನೆ ಮಂಜು ಇನ್ನೂ ಹರಿದಿರಲಿಲ್ಲ. ತಂದೆಯವರು ವಾಡಿಕೆಯಂತೆ ಬೇಗನೆ ಎದ್ದು ಹೊರಟರು. ಮಕ್ಕಳೂ ನಾವೂ ಹಿಂದೆ ನಡೆದೆವು. ಬೇಲಿಯಾಚೆಯ ತೋಟದಲ್ಲಿ ಕೊಯ್ಲು ನಡೆದಿತ್ತು. ಬಿಸಿಲೇರಿದರೆ ಹಣ್ಣು ಬಾಡುವುದರಿಂದ ಈ ಕೆಲಸ ತಂಪು ಹೊತ್ತಿನಲ್ಲಿಯೇ ಆಗಬೇಕು. ಹತ್ತು ಹನ್ನೆರಡು ಮಂದಿ ಹೆಂಗಸರು ತಲೆಗೆ ಬಟ್ಟೆ ಸುತ್ತಿ, ಸಣ್ಣ ಕತ್ತರಿಗಳಿಂದ ಗೊನೆಗಳನ್ನು ಕತ್ತರಿಸಿ ಪ್ಲಾಸ್ಟಿಕ್ ಕ್ರೇಟುಗಳಿಗೆ ತುಂಬುತ್ತಿದ್ದರು. ತಂದೆಯವರು ಮರಾಠಿಯಲ್ಲಿ ಮಾತಿಗೆಳೆದರು. ಅವರೆಲ್ಲ ಸುರಗಾಣಾ ತಾಲ್ಲೂಕಿನ ಗುಡ್ಡಗಾಡಿನವರು. ಅಲ್ಲಿ ಮಳೆಗಾಲದ ಭತ್ತ ಮುಗಿದರೆ ಕೆಲಸವಿಲ್ಲ. ಆದ್ದರಿಂದ ಚಾಟಣಿಗೂ ಕೊಯ್ಲಿಗೂ ಇತ್ತ ಬಂದು ತೋಟದ ಅಂಚಿನಲ್ಲಿ ತಂಗುತ್ತಾರೆ. “ಮಕ್ಕಳು?” ಎಂದು ಕೇಳಿದರು ತಂದೆಯವರು. ಶಾಲೆ ತಪ್ಪಬಾರದೆಂದು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದಿದ್ದೇವೆಂದು ಒಬ್ಬಾಕೆ ಕೈಕೆಲಸ ನಿಲ್ಲಿಸದೆಯೇ ಹೇಳಿದಳು.

ತಂದೆಯವರು ತಿರುಗಿ ಬರುವಾಗ ಬಹಳ ದೂರ ಮಾತಾಡಲಿಲ್ಲ. ಆಮೇಲೆ ನಮ್ಮ ಕಡೆ ನೋಡಿ, “ನಿನ್ನೂ ಹಿಂಗ ಬಿಟ್ಟು ಬಂದಿದ್ವಿ ನೋಡು. ಎರಡು ವರ್ಷ. ನಿಮ್ಮವ್ವ ದಿನಾ ರಾತ್ರಿ ಅಳತಿದ್ಲು” ಎಂದರು.

ನಾವು ಎಳೆಯ ಕೂಸಾಗಿ ಊರಿನಲ್ಲಿ ಅಜ್ಜಿಯ ಮಡಿಲಲ್ಲಿ ಬೆಳೆದದ್ದು ನಮಗೆ ಗೊತ್ತಿದ್ದ ಸಂಗತಿಯೇ. ಆದರೆ ಬಿಟ್ಟು ಬಂದವರ ಕಥೆಯನ್ನು ತಂದೆಯವರ ಬಾಯಿಂದ ಅದುವರೆಗೂ ಕೇಳಿರಲಿಲ್ಲ. ಅಂದು ಸಂಜೆ ಆ ದುಬಾರಿ ಜಗುಲಿಯಲ್ಲಿ ಕುಳಿತು ಅವರು ಅದನ್ನೆಲ್ಲ ಹೇಳಿದರು: 1973ರಲ್ಲಿ ಪಿಂಪ್ರಿಯ ಕಾರಖಾನೆಗೆ ಸೇರಿದ್ದು, ಒಂದೇ ಕೋಣೆಯಲ್ಲಿ ಎರಡು ಸಂಸಾರ ಸೀರೆಯನ್ನು ಅಡ್ಡಕಟ್ಟಿ ಇದ್ದದ್ದು, ಊರಿನಿಂದ ಪತ್ರ ಬಂದರೆ ಅದರಲ್ಲಿ ಮಗುವಿನ ಅಂಗೈಯ ಗುರುತಿದೆಯೇ ಎಂದು ತಾಯಿಯವರು ಮೊದಲು ನೋಡುತ್ತಿದ್ದುದು. ಮಕ್ಕಳು ಫೋನು ಮುಟ್ಟದೆ ಕೇಳಿದರು. ಮೊಮ್ಮಗಳು “ಅಜ್ಜಾ, ಮತ್ತ ಅಪ್ಪನ್ನ ಕರ್ಕೊಂಡು ಬಂದಾಗ ಅವರಿಗೆ ನಿಮ್ಮ ಗುರ್ತು ಸಿಕ್ತಾ?” ಎಂದು ಕೇಳಿದಳು. “ಇಲ್ಲವ್ವ. ಒಂದು ವಾರ ನನ್ನ ಹತ್ರ ಬರಲಿಲ್ಲ” ಎಂದರು ಅವರು.

ಪುಣೆಯ ಮನೆಯಲ್ಲಿ ನಾವೆಲ್ಲರೂ ಒಂದೇ ಸೂರಿನಡಿ ಇರುವವರೇ. ಆದರೆ ಅಲ್ಲಿ ಒಬ್ಬರಿಗೆ ಕಚೇರಿ, ಒಬ್ಬರಿಗೆ ಕ್ಲಾಸು, ಒಬ್ಬರಿಗೆ ಕುಕ್ಕರಿನ ಸೀಟಿ. ಇಂಥ ಮಾತಿಗೆ ಬಿಡುವು ಸಿಗುವುದೇ ಇಲ್ಲ. ರಿಸಾರ್ಟಿಗೆ ತೆತ್ತ ಹಣದಲ್ಲಿ ನಮಗೆ ದಕ್ಕಿದ್ದು ಮೃದುವಾದ ಹಾಸಿಗೆಯಲ್ಲ, ಯಾರಿಗೂ ಎಲ್ಲಿಗೂ ಓಡಬೇಕಿಲ್ಲದ ಎರಡು ಸಂಜೆಗಳು. ಅದು ಊರಿನ ಜಾತ್ರೆಗೆ ಬದಲಿಯಾಗಲಾರದು. ಹೀಗೆಂದು ತಂದೆಯವರು ಬಿಲ್ಲು ನೋಡಿ ಮತ್ತೊಮ್ಮೆ ಹೇಳಿದರು. ಯುಗಾದಿಗೆ ಊರಿನ ಟಿಕೀಟನ್ನೂ ಆಗಲೇ ತೆಗೆಸಿದೆವು.

ಹೋಗಬೇಕೆಂದಿರುವ ವಾಚಕರಿಗೆ ಕೆಲವು ಮಾತು. ಬಳ್ಳಿಯಲ್ಲಿ ಹಣ್ಣು ಕಾಣಬೇಕಾದರೆ ಜನವರಿಯಿಂದ ಮಾರ್ಚಿನೊಳಗೆ ಹೋಗಿರಿ. ಶನಿವಾರ ಭಾನುವಾರಗಳನ್ನು ಬಿಟ್ಟರೆ ಗದ್ದಲವೂ ದರವೂ ಸಾಮಾನ್ಯವಾಗಿ ಕಡಿಮೆ. ಬಾಡಿಗೆಯಲ್ಲಿ ತೆರಿಗೆ, ಊಟ ಸೇರಿವೆಯೇ ಎಂದು ಮೊದಲೇ ಕೇಳಿಕೊಳ್ಳಿರಿ. ಮೊಣಕಾಲು ನೋವಿನ ಹಿರಿಯರಿದ್ದರೆ ನೆಲಮಹಡಿಯ ಕೋಣೆಯನ್ನೇ ಬೇಡಿರಿ. ವೈನಿನ ರುಚಿ ನೋಡಿದವರು ಆ ದಿನ ಕಾರು ನಡೆಸಕೂಡದು. ಮುಂಜಾನೆ ಹಾಸಿಗೆ ಎಷ್ಟೇ ಬೆಚ್ಚಗಿದ್ದರೂ ಎದ್ದು ತೋಟದ ಕಡೆ ನಡೆಯಿರಿ. ಕೆಲಸದವರ ಫೋಟೋ ತೆಗೆಯುವುದಕ್ಕೆ ಮುನ್ನ ಅವರ ಊರು ಯಾವುದೆಂದು ಕೇಳಿರಿ. ಊರು ಬಿಟ್ಟು ಬಂದ ನಮಗೆ ಆ ಪ್ರಶ್ನೆ ಕೇಳುವುದು ಕಷ್ಟವಾಗಲಾರದು.