ಥಟ್ಟನೆ ಅಲ್ಲ, ಮೆಲ್ಲಗೆ: ಜಾಲಪುಟದಲ್ಲಿ ನಯವಾದ ಬದಲಾವಣೆ

ಜಾಲಪುಟದಲ್ಲಿ ಮಸುಕಾಗಿರುವ ಒಂದು ಚಿತ್ರದ ಮೇಲೆ ಮೌಸ್‌ನ ಬಾಣ ತಂದೊಡನೆ ಅದು ಮೆಲ್ಲಗೆ ಸ್ಪಷ್ಟವಾಗುವುದನ್ನು ನೀವು ನೋಡಿರಬಹುದು. ಇಂಥ ನಯವಾದ ಬದಲಾವಣೆಗೆ ಟ್ರಾನ್ಸಿಷನ್ ಎಂದು ಹೆಸರು. ಇದು ನಡೆಯುವುದು ಹೇಗೆ?

ಪುಟದಲ್ಲಿ ಏನಿರಬೇಕು ಎಂಬುದನ್ನು ಎಚ್‌ಟಿಎಂಎಲ್ ಹೇಳುತ್ತದೆ. ಅದು ಹೇಗೆ ಕಾಣಬೇಕು ಎಂಬುದನ್ನು ಸ್ಟೈಲ್ ಶೀಟ್, ಅಂದರೆ ಸಿಎಸ್‌ಎಸ್, ಹೇಳುತ್ತದೆ. ಹೋಕನ್ ವಿಯುಮ್ ಲೀ 1994ರಲ್ಲಿ ಸಿಎಸ್‌ಎಸ್‌ನ ಪ್ರಸ್ತಾವ ಮುಂದಿಟ್ಟರು. 1996ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿ ಟ್ರಾನ್ಸಿಷನ್ ಇರಲಿಲ್ಲ. ನಯವಾದ ಬದಲಾವಣೆ ಬೇಕಾದವರು ಜಾವಾಸ್ಕ್ರಿಪ್ಟ್‌ನಲ್ಲಿ ಒಂದೊಂದು ಹೆಜ್ಜೆಗೂ ಲೆಕ್ಕ ಬರೆಯಬೇಕಿತ್ತು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2009ರಲ್ಲಿ ಟ್ರಾನ್ಸಿಷನ್ ನಿಯಮಗಳ ಮೊದಲ ಕರಡನ್ನು ಪ್ರಕಟಿಸಿತು.

ಈಗ ನಾವು ಮೊದಲ ಸ್ಥಿತಿ, ಕೊನೆಯ ಸ್ಥಿತಿ ಮತ್ತು ಅವಧಿಯನ್ನು ತಿಳಿಸಿದರೆ ಸಾಕು. ನಡುವಿನ ಲೆಕ್ಕವೆಲ್ಲ ಬ್ರೌಸರ್‌ನದು. ಚಿತ್ರದ ಒಪಾಸಿಟಿ 0.4 ಇದ್ದು, ಬಾಣ ಬಂದಾಗ 1 ಆಗಬೇಕು ಎನ್ನೋಣ. ಅವಧಿ 0.3 ಸೆಕೆಂಡು. ಸೆಕೆಂಡಿಗೆ 60 ಬಾರಿ ಹೊಸದಾಗುವ ಪರದೆಯಲ್ಲಿ ಇದು ಸುಮಾರು 18 ಹಂತಗಳಲ್ಲಿ ಮುಗಿಯುತ್ತದೆ. ವೇಗ ಒಂದೇ ಸಮನಾಗಿದ್ದರೆ ಅರ್ಧ ದಾರಿಯಲ್ಲಿ ಒಪಾಸಿಟಿ 0.7 ಇರುತ್ತದೆ.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಈ ನಿಯಮವನ್ನು ಓದುವುದು ಹೀಗೆ: ‘ಟ್ರಾನ್ಸಿಷನ್: ಒಪಾಸಿಟಿ 0.3ಎಸ್ ಈಸ್’. ಮೊದಲನೆಯದು ಬದಲಾಗಬೇಕಾದ ಗುಣ, ಎರಡನೆಯದು ಅವಧಿ, ಮೂರನೆಯದು ವೇಗದ ರೀತಿ. ನಿಲ್ದಾಣದಿಂದ ಹೊರಟ ಬಸ್ಸು ವೇಗ ಪಡೆದು, ಮುಂದಿನ ನಿಲ್ದಾಣದ ಬಳಿ ನಿಧಾನವಾಗುತ್ತದಲ್ಲವೇ? ‘ಈಸ್’ ಕೂಡ ಹಾಗೆಯೇ. ಒಂದೇ ವೇಗ ಬೇಕಿದ್ದರೆ ‘ಲೀನಿಯರ್’ ಎಂದು ಬರೆಯಬೇಕು. ಸ್ವಲ್ಪ ತಡೆದು ಆರಂಭವಾಗಲಿ ಎಂದರೆ ನಾಲ್ಕನೆಯದಾಗಿ ಇನ್ನೊಂದು ಕಾಲಾವಧಿ ಸೇರಿಸಬಹುದು. ಆದರೆ ಅವಧಿಯನ್ನೇ ಬರೆಯದಿದ್ದರೆ ಅದು ಸೊನ್ನೆ. ಬದಲಾವಣೆ ಥಟ್ಟನೆ ಆಗಿಬಿಡುತ್ತದೆ.

ಇನ್ನೊಂದು ಅಂಶವನ್ನು ಗಮನಿಸಿ. ಈ ಸಾಲನ್ನು ಚಿತ್ರದ ಸಾಮಾನ್ಯ ಸ್ಥಿತಿಯ ನಿಯಮದಲ್ಲಿಯೇ ಬರೆಯಬೇಕು. ಬಾಣ ಮೇಲಿರುವಾಗಿನ ‘ಹೋವರ್’ ಸ್ಥಿತಿಯಲ್ಲಿ ಮಾತ್ರ ಬರೆದರೆ, ಚಿತ್ರ ಮೆಲ್ಲಗೆ ಸ್ಪಷ್ಟವಾದರೂ ಬಾಣ ಸರಿದೊಡನೆ ಥಟ್ಟನೆ ಮಸುಕಾಗುತ್ತದೆ.

ಹಾಗೆಂದು ಪುಟದಲ್ಲಿರುವುದನ್ನೆಲ್ಲ ಕುಣಿಸಬಾರದು. ಒಳಕಿವಿಯ ಸಮತೋಲನದ ತೊಂದರೆ ಇರುವವರಿಗೆ ಪರದೆಯ ಮೇಲಿನ ದೊಡ್ಡ ಚಲನೆಗಳಿಂದ ತಲೆಸುತ್ತು, ವಾಕರಿಕೆ ಬರಬಹುದು. ಅಂಥವರು ತಮ್ಮ ಕಂಪ್ಯೂಟರಿನಲ್ಲಿ ‘ಚಲನೆ ಕಡಿಮೆ ಇರಲಿ’ ಎಂದು ಆಯ್ದುಕೊಳ್ಳಬಹುದು. ‘ಪ್ರಿಫರ್ಸ್-ರಿಡ್ಯೂಸ್ಡ್-ಮೋಷನ್’ ಎಂಬ ನಿಯಮ ಬರೆದು ಆ ಕೋರಿಕೆಯನ್ನು ಗೌರವಿಸುವುದು ಪುಟ ರಚಿಸುವವರ ಕೆಲಸ. ಏನು ಬದಲಾಯಿತು ಎಂಬುದನ್ನು ಓದುಗರ ಕಣ್ಣಿಗೆ ತಿಳಿಸುವುದೇ ಟ್ರಾನ್ಸಿಷನ್‌ನ ಉದ್ದೇಶ. ಅಷ್ಟಕ್ಕೆ ಬೇಕಾದಷ್ಟು ಚಲನೆ ಇದ್ದರೆ ಸಾಕು.