17,296 ಮತ್ತು ಅದರ ಸ್ನೇಹಿತ

17,296. ಮೇಲ್ನೋಟಕ್ಕೆ ಇದೊಂದು ಸಾಧಾರಣ ಸಂಖ್ಯೆ. ಸಮ ಸಂಖ್ಯೆ, ಅವಿಭಾಜ್ಯವಲ್ಲ, ಪೂರ್ಣ ವರ್ಗವೂ ಅಲ್ಲ. ಆದರೆ ಸಂಖ್ಯೆಯ ನಿಜವಾದ ಗುಣ ತಿಳಿಯುವುದು ಅದರ ಅಪವರ್ತನಗಳಿಂದ.

17,296 = 2×2×2×2×23×47. ಇದಕ್ಕೆ ಒಟ್ಟು 20 ಅಪವರ್ತನಗಳಿವೆ. ಸಂಖ್ಯೆಯನ್ನೇ ಬಿಟ್ಟು ಉಳಿದ 19ನ್ನು ಕೂಡಿಸಿದರೆ 18,416 ಬರುತ್ತದೆ.

ಹೀಗೆ ಬರುವ ಮೊತ್ತ ಸಂಖ್ಯೆಗೆ ಸಮನಾದರೆ ಅದು ಪರಿಪೂರ್ಣ ಸಂಖ್ಯೆ. ಉದಾಹರಣೆಗೆ 6 = 1+2+3. ಮೊತ್ತ ಕಡಿಮೆಯಾದರೆ ಕೊರತೆಯ ಸಂಖ್ಯೆ, ಹೆಚ್ಚಾದರೆ ಸಮೃದ್ಧ ಸಂಖ್ಯೆ. ಹಾಗಾಗಿ 17,296 ಸಮೃದ್ಧ ಸಂಖ್ಯೆ.

ಈಗ 18,416ನ್ನು ನೋಡೋಣ. ಅದು 16×1151. ಅದನ್ನು ಬಿಟ್ಟು ಉಳಿದ ಅಪವರ್ತನಗಳು 1, 2, 4, 8, 16, 1151, 2302, 4604, 9208. ಕೂಡಿಸಿ ನೋಡಿ, ಬರುವುದು 17,296! ಇದು ಕೊರತೆಯ ಸಂಖ್ಯೆ. ಒಂದರ ಹೆಚ್ಚಳ ಇನ್ನೊಂದರ ಕೊರತೆಗೆ ಸರಿಯಾಗಿ ಹೊಂದುತ್ತದೆ. ಇಂಥ ಜೋಡಿಗೆ ಸ್ನೇಹ ಸಂಖ್ಯೆಗಳು ಎಂದು ಹೆಸರು. ಅರಬಿಯಲ್ಲಿ ಇವು 'ಮುತಹಾಬ್ಬ', ಅಂದರೆ ಪರಸ್ಪರ ಪ್ರೀತಿಸುವವು. ನಾವು ಬಳಸುವ 'ಮುಹಬ್ಬತ್' ಪದದ ಮೂಲವೂ ಅದೇ.

ಅತಿ ಚಿಕ್ಕ ಜೋಡಿ 220 ಮತ್ತು 284 ಪ್ರಾಚೀನ ಗ್ರೀಕರಿಗೆ ಗೊತ್ತಿತ್ತು. ಇಂಥ ಜೋಡಿಗಳನ್ನು ಹುಡುಕಲು ನಿಯಮ ಕೊಟ್ಟವರು 9ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಸಾಬಿತ್ ಇಬ್ನ್ ಕುರ್ರಾ. 2ರ ಒಂದು ಘಾತವನ್ನು ತೆಗೆದುಕೊಳ್ಳಿ, ಉದಾಹರಣೆಗೆ 16. ಅದರ ಅರ್ಧ 8.

3×8−1 = 23
3×16−1 = 47
9×8×16−1 = 1151

ಮೂರೂ ಅವಿಭಾಜ್ಯವಾದರೆ 16×23×47 ಮತ್ತು 16×1151 ಸ್ನೇಹ ಸಂಖ್ಯೆಗಳು. 1151 ಅವಿಭಾಜ್ಯವೇ ಎಂದು ತಿಳಿಯಲು 2ರಿಂದ 31ರವರೆಗಿನ 11 ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು, ಏಕೆಂದರೆ ಅದರ ವರ್ಗಮೂಲ 34ಕ್ಕಿಂತ ಕಡಿಮೆ.

ಈ ನಿಯಮದ ಗುಟ್ಟು ಸರಳ. ಸಂಖ್ಯೆಯನ್ನೂ ಸೇರಿಸಿದರೆ 17,296ರ ಎಲ್ಲ ಅಪವರ್ತನಗಳ ಮೊತ್ತ 31×24×48. 18,416ರದ್ದು 31×1152. 24×48 = 1152 ಆದ್ದರಿಂದ ಎರಡೂ ಒಂದೇ: 35,712. ಅದು ಈ ಜೋಡಿಯ ಮೊತ್ತವೂ ಹೌದು.

ಈ ಜೋಡಿಯನ್ನು ಬಹುಕಾಲ ಫ್ರಾನ್ಸಿನ ಫರ್ಮಾ ಅವರ ಹೆಸರಿನಿಂದ ಕರೆಯುತ್ತಿದ್ದರು. ಅವರು ಅದನ್ನು ಕಂಡುಕೊಂಡದ್ದು 1636ರಲ್ಲಿ. ಆದರೆ ಅದಕ್ಕೆ ಮುನ್ನೂರು ವರ್ಷಗಳಿಗೂ ಹಿಂದೆಯೇ ಪರ್ಷಿಯಾದ ಕಮಾಲುದ್ದೀನ್ ಅಲ್-ಫಾರಿಸಿ ಮತ್ತು ಮರಾಕೇಶಿನ ಇಬ್ನ್ ಅಲ್-ಬನ್ನಾ ಇದನ್ನು ಬರೆದಿದ್ದರು. ಫರ್ಮಾ ಸ್ವಂತವಾಗಿ ಕಂಡುಕೊಂಡದ್ದರಿಂದ ಅವರ ಸಾಧನೆಯೇನೂ ಕಡಿಮೆಯಾಗದು. ಆದರೆ ಮೊದಲು ಕಂಡವರ ಹೆಸರನ್ನೂ ನಾವು ತಿಳಿದಿರಬೇಕು.

ಸಾಬಿತರ ನಿಯಮಕ್ಕೆ ಎಲ್ಲ ಜೋಡಿಗಳೂ ಸಿಗುವುದಿಲ್ಲ. 1184 ಮತ್ತು 1210 ಎಂಬ ಚಿಕ್ಕ ಜೋಡಿ, ಹತ್ತಾರು ಜೋಡಿಗಳನ್ನು ಪಟ್ಟಿ ಮಾಡಿದ್ದ ಮಹಾಗಣಿತಜ್ಞ ಆಯ್ಲರ್ ಅವರ ಕಣ್ಣಿಗೂ ಬಿದ್ದಿರಲಿಲ್ಲ. 1866ರಲ್ಲಿ ಅದನ್ನು ಕಂಡುಹಿಡಿದವನು ಇಟಲಿಯ ನಿಕೊಲೊ ಪಗನಿನಿ ಎಂಬ 16 ವರ್ಷದ ಹುಡುಗ, ಅಂದರೆ ನಮ್ಮ ಪ್ರಥಮ ಪಿಯುಸಿ ವಿದ್ಯಾರ್ಥಿಗಳ ವಯಸ್ಸಿನವನು! ಸ್ನೇಹ ಸಂಖ್ಯೆಗಳ ಜೋಡಿಗಳು ಅನಂತವೇ ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ.

ನಿಮಗೊಂದು ಕೆಲಸ: 16ರ ಬದಲು 8, 32, 64 ತೆಗೆದುಕೊಂಡರೆ ನಿಯಮ ಎಲ್ಲಿ ನಿಂತುಹೋಗುತ್ತದೆ ನೋಡಿ. ಆಮೇಲೆ 128 ತೆಗೆದುಕೊಳ್ಳಿ, ಏಳು ಅಂಕಿಗಳ ಒಂದು ಜೋಡಿ ನಿಮಗೆ ಸಿಗುತ್ತದೆ.